ಗಾಳಿಯಿಂದ ವಿದ್ಯುಚ್ಛಕ್ತಿ
(ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ಮಾಡಿದ ಉಪನ್ಯಾಸ)



ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಕಣದಲ್ಲಿ ನಿಂತು ರಾಗಿಯನ್ನು ತೂರಿದವರು ಕಟ್ಟಿದ ಗಾದೆ. ಮೊರವನ್ನು ಎತ್ತಿ ಹಿಡಿದು ಗಾಳಿಗಾಗಿ ಕಾದು ನಿಂತ ರೈತನಿಗೆ ಗಾಳಿಯ ಎರಡು ಗುಣಗಳು ಯಾರೂ ಹೇಳಿಕೊಡದೆಯೇ ತಿಳಿದಿರುತ್ತವೆ. ಅದು ಕರೆದಾಗ ಬರತಕ್ಕದ್ದಲ್ಲ; ಬಂದಾಗ ಬಳಸಿಕೊಳ್ಳದೆ ಬಿಟ್ಟರೆ ಕಣಜದಲ್ಲಿ ತುಂಬಿಡತಕ್ಕದ್ದೂ ಅಲ್ಲ. ಗಾಳಿಯಿಂದ ವಿದ್ಯುಚ್ಛಕ್ತಿಯನ್ನು ತೆಗೆಯುವ ವಿದ್ಯೆಯಲ್ಲಿ ಇಂದಿಗೂ ಉಳಿದಿರುವ ಕಷ್ಟಗಳು ಬಹುಮಟ್ಟಿಗೆ ಈ ಎರಡು ಗುಣಗಳಿಂದಲೇ ಹುಟ್ಟಿದವು.

ಹಿರಿಯೂರು, ಚಿತ್ರದುರ್ಗಗಳ ಕಡೆಗೆ ಹೋಗಿ ಬಂದವರೆಲ್ಲರೂ ಜೋಗಿಮಟ್ಟಿಯ ಗುಡ್ಡಗಳ ನೆತ್ತಿಯ ಮೇಲೆ ಮೂರು ಮೂರು ರೆಕ್ಕೆಗಳ ಬಿಳಿಯ ಯಂತ್ರಗಳು ತಿರುಗುವುದನ್ನು ನೋಡಿಯೇ ಇರುವರು. ಅದನ್ನು ನೋಡಿ ಬಂದ ಮೇಲೆ ತೆಂಗಿನ ಸೀಮೆಯ ರೈತರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜವಾಗಿದೆ. ತೋಟದಲ್ಲಿಯೇ ಇಂಥದೊಂದು ಚಿಕ್ಕ ಯಂತ್ರವನ್ನು ನಿಲ್ಲಿಸಿ ಕೊಳವೆ ಬಾವಿಯ ಮೋಟಾರನ್ನು ನಡೆಸಬಾರದೇಕೆ ಎಂಬುದು ಮೊದಲನೆಯದು. ಗುಡ್ಡದ ಅಂಚಿನ ಹೊಲವನ್ನು ದೊಡ್ಡ ಯಂತ್ರಕ್ಕಾಗಿ ಯಾರಾದರೂ ಕೇಳಿಕೊಂಡು ಬಂದರೆ ಕೊಡಬಹುದೇ, ಕೂಡದೇ ಎಂಬುದು ಎರಡನೆಯದು. ಒಂದರಲ್ಲಿ ಕೈಯ ಹಣ ಹೋಗುವ ಸಂಭವವುಂಟು. ಮತ್ತೊಂದರಲ್ಲಿ ಮಕ್ಕಳ ಕಾಲದವರೆಗೆ ಜಮೀನು ಕಟ್ಟಿಬೀಳುವ ಸಂಭವವುಂಟು. ಆದುದರಿಂದ ಗಾಳಿಯ ಸ್ವಭಾವವನ್ನು ಮೊದಲು ತಿಳಿದುಕೊಂಡು ಅನಂತರ ಈ ಪ್ರಶ್ನೆಗಳಿಗೆ ಬರುವುದು ಯುಕ್ತ.

ಅಡಿಗೆಮನೆಯಲ್ಲಿ ಒಲೆ ಹೊತ್ತಿಸಿದಾಗ ಬಿಸಿಯಾದ ಗಾಳಿಯು ಹೊಗೆಯೊಡನೆ ಮೇಲಕ್ಕೇರಿ ಬೆಳಕಿಂಡಿಯಿಂದ ಹೊರಗೆ ಹೋಗುವುದು. ಅದರ ಸ್ಥಳವನ್ನು ತುಂಬಲು ಬಾಗಿಲ ಕೆಳಗಿನಿಂದ ತಣ್ಣನೆಯ ಗಾಳಿಯು ಒಳಕ್ಕೆ ನುಗ್ಗುವುದು. ಲೋಕದಲ್ಲಿ ಬೀಸುವ ಗಾಳಿಯೆಲ್ಲವೂ ಈ ಕ್ರಮದ್ದೇ. ಇಲ್ಲಿ ಒಲೆಯ ಕೆಲಸವನ್ನು ಸೂರ್ಯನು ಮಾಡುತ್ತಾನೆ. ಚೈತ್ರ ವೈಶಾಖಗಳಲ್ಲಿ ಭರತಖಂಡದ ನೆಲವು ಕಾದು ಅದರ ಮೇಲಣ ಗಾಳಿಯು ಹಗುರವಾಗಿ ಮೇಲೇಳುವುದು. ಸಮುದ್ರದ ನೀರು ನೆಲದಷ್ಟು ಬೇಗ ಕಾಯುವುದಿಲ್ಲವಾದುದರಿಂದ ಅದರ ಮೇಲಿನ ಗಾಳಿಯು ತಂಪಾಗಿಯೂ ಭಾರವಾಗಿಯೂ ಇದ್ದು ನೆಲದ ಕಡೆಗೆ ಹರಿದು ಬರುವುದು. ಇದೇ ನೈರುತ್ಯ ಮಾರುತ. ಈ ಪ್ರವಾಹವು ಆಫ್ರಿಕ ಖಂಡದ ಪೂರ್ವ ತೀರವನ್ನು ಬಳಸಿ ಅರಬ್ಬೀ ಸಮುದ್ರವನ್ನು ದಾಟಿ ಬರುವಾಗ ಅದರ ರಭಸವು ನೆಲಮಟ್ಟದಲ್ಲಿರುವುದಕ್ಕಿಂತ ಸುಮಾರು ಒಂದೂವರೆ ಕಿಲೋಮೀಟರು ಎತ್ತರದಲ್ಲಿ ಅಧಿಕವಾಗಿರುವುದೆಂದು ಪರೀಕ್ಷೆಯಿಂದ ಕಂಡುಬಂದಿದೆ. ತಿಪಟೂರು ಸಮುದ್ರಮಟ್ಟಕ್ಕಿಂತ ಸುಮಾರು 860 ಮೀಟರು ಎತ್ತರದಲ್ಲಿರುವುದು. ಇಲ್ಲಿನ ಗುಡ್ಡಗಳ ನೆತ್ತಿಯು ಅದಕ್ಕಿಂತಲೂ ಮೇಲೆ. ಎಂದರೆ ಈ ಬಯಲುಸೀಮೆಯ ನೆಲವು ತಾನೇ ಆ ಪ್ರವಾಹದ ಅರ್ಧ ದಾರಿಗೆ ಏರಿ ನಿಂತಿದೆ. ಮಲೆನಾಡಿನ ಘಟ್ಟಗಳು ಮಳೆಯನ್ನು ತಾವು ತೆಗೆದುಕೊಂಡು ಬರಿಯ ಗಾಳಿಯನ್ನು ಈ ಕಡೆಗೆ ಬಿಡುತ್ತವೆ. ಆಷಾಢ ಮಾಸದಲ್ಲಿ ತೆಂಗಿನ ಗರಿಗಳೆಲ್ಲವೂ ಹಗಲಿರುಳು ಒಂದೇ ದಿಕ್ಕಿಗೆ ಬಾಗಿ ಭೋರೆಂದು ಸದ್ದು ಮಾಡುತ್ತಿದ್ದರೂ ಮಳೆ ಮಾತ್ರ ತುಂತುರಿನಲ್ಲಿಯೇ ಮುಗಿಯುವುದು ಈ ಕಾರಣದಿಂದ. ಈ ಸೀಮೆಗೆ ತುಂಬು ಮಳೆಯು ಬರುವುದು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ. ಆ ವೇಳೆಗೆ ಗಾಳಿಯು ಬಿದ್ದುಹೋಗಿರುತ್ತದೆ.

ಇನ್ನು ಗಾಳಿಯಲ್ಲಿರುವ ಬಲದ ವಿಚಾರ. ಕಣ್ಣಿಗೆ ಕಾಣದಿದ್ದರೂ ಗಾಳಿಗೆ ತೂಕವುಂಟು. ಒಂದು ಮೀಟರು ಉದ್ದ, ಒಂದು ಮೀಟರು ಅಗಲ, ಒಂದು ಮೀಟರು ಎತ್ತರದ ಪೆಟ್ಟಿಗೆಯಲ್ಲಿ ಹಿಡಿಯುವ ಗಾಳಿಯು ಈ ಎತ್ತರದ ಊರುಗಳಲ್ಲಿ ಒಂದು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗುವುದು. ತೂಕವುಳ್ಳ ವಸ್ತುವು ಚಲಿಸಿದರೆ ಅದರಲ್ಲಿ ಶಕ್ತಿಯಿರಲೇಬೇಕು. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಮನಸ್ಸಿನಲ್ಲಿಡತಕ್ಕ ನಿಯಮವು ಒಂದುಂಟು. ಗಾಳಿಯ ವೇಗವು ಎರಡರಷ್ಟಾದರೆ ಅದರ ಶಕ್ತಿಯು ಎರಡರಷ್ಟಾಗುವುದಿಲ್ಲ, ಎಂಟರಷ್ಟಾಗುವುದು; ವೇಗವು ಮೂರರಷ್ಟಾದರೆ ಶಕ್ತಿಯು ಇಪ್ಪತ್ತೇಳರಷ್ಟಾಗುವುದು. ಸೆಕೆಂಡಿಗೆ 4 ಮೀಟರು, ಎಂದರೆ ಗಂಟೆಗೆ ಸುಮಾರು 14 ಕಿಲೋಮೀಟರು ವೇಗದ ಗಾಳಿಯು ಒಂದು ಚದರ ಮೀಟರು ಜಾಗದಲ್ಲಿ ಹಾದುಹೋಗುವಾಗ ಸುಮಾರು 34 ವಾಟು ಶಕ್ತಿಯನ್ನು ಹೊತ್ತಿರುತ್ತದೆ. ವೇಗವು 8 ಮೀಟರಾದರೆ ಅದೇ ಜಾಗದಲ್ಲಿ 270 ವಾಟಿಗೂ ಮೇಲ್ಪಡುವುದು. ಸೊಗಸಾಗಿ ಬೀಸುವ ತಂಗಾಳಿಗೂ ಯಂತ್ರವನ್ನು ನಡೆಸತಕ್ಕ ಗಾಳಿಗೂ ಇರುವ ಅಂತರವು ಇಂಥದು. ಮೈಗೆ ಹಿತವಾದ ಗಾಳಿಯನ್ನು ಕಂಡು ಯಂತ್ರಕ್ಕೆ ಹಣ ಹಾಕಿದವರು ಮೋಸಹೋಗುವುದು ಇಲ್ಲಿಯೇ.

ಈ ಶಕ್ತಿಯನ್ನೆಲ್ಲ ಹೀರಿಕೊಳ್ಳುವುದೂ ಸಾಧ್ಯವಲ್ಲ. ಹಾಗೆ ಹೀರಿದರೆ ಗಾಳಿಯು ಯಂತ್ರದ ಹಿಂದೆಯೇ ನಿಂತುಹೋಗಿ ಹೊಸ ಗಾಳಿಗೆ ದಾರಿಯಿಲ್ಲದಂತಾಗುವುದು. ನೂರರಲ್ಲಿ 59 ಪಾಲಿಗಿಂತ ಹೆಚ್ಚಾಗಿ ಯಾವ ಯಂತ್ರವೂ ತೆಗೆಯಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ ಎಂಬ ಪಂಡಿತರು ಸುಮಾರು ನೂರು ವರ್ಷಗಳ ಹಿಂದೆಯೇ ಲೆಕ್ಕಮಾಡಿ ತೋರಿಸಿದರು. ಉತ್ತಮವಾದ ದೊಡ್ಡ ಯಂತ್ರಗಳು ನೂರಕ್ಕೆ 40ರ ಆಸುಪಾಸಿನಲ್ಲಿಯೂ, ಚಿಕ್ಕವು 25 ರಿಂದ 30ರ ಮಟ್ಟದಲ್ಲಿಯೂ ಇರುತ್ತವೆ.

ಯಂತ್ರದ ರಚನೆಯು ತಿಳಿಯಲು ಕಷ್ಟವಾದುದಲ್ಲ. ಹುಡುಗರು ತೆಂಗಿನ ಗರಿಯಿಂದ ಗಿರಗಿಟ್ಲೆಯನ್ನು ಮಾಡಿ ಕಡ್ಡಿಗೆ ಚುಚ್ಚಿ ಗಾಳಿಗೆ ಎದುರಾಗಿ ಓಡುವರಷ್ಟೆ. ಗರಿಯನ್ನು ಚಪ್ಪಟೆಯಾಗಿ ಇಟ್ಟರೆ ಅದು ತಿರುಗುವುದಿಲ್ಲ. ಸ್ವಲ್ಪ ಓರೆಯಾಗಿ ತಿರುಚಿದರೆ ಮಾತ್ರ ತಿರುಗುವುದು. ದೊಡ್ಡ ಯಂತ್ರದ ರೆಕ್ಕೆಗಳೂ ಹೀಗೆಯೇ ಓರೆಯಾಗಿರುವುವು. ಆದರೆ ಅವುಗಳ ಬೆನ್ನು ಹಕ್ಕಿಯ ರೆಕ್ಕೆಯಂತೆ ಉಬ್ಬಾಗಿರುವುದರಿಂದ ಗಾಳಿಯು ಅವನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಸೆಳೆಯುತ್ತದೆ. ರೆಕ್ಕೆಗಳು ನಿಮಿಷಕ್ಕೆ ಹತ್ತು ಹದಿನೈದು ಸುತ್ತು ಮಾತ್ರ ತಿರುಗುವುವು. ಅನೇಕ ಯಂತ್ರಗಳಲ್ಲಿ ಹಲ್ಲಿನ ಚಕ್ರಗಳ ಮೂಲಕ ಆ ಸುತ್ತುಗಳನ್ನು ನೂರು ಪಟ್ಟು ಹೆಚ್ಚಿಸಿ ವಿದ್ಯುತ್ ಉತ್ಪಾದಕಕ್ಕೆ ಕೊಡುವರು. ಉತ್ಪಾದಕವೆಂದರೆ ಸೈಕಲ್ಲಿನ ಚಕ್ರಕ್ಕೆ ತಗುಲಿಸುವ ಡೈನಮೋವಿನ ದೊಡ್ಡಣ್ಣ. ತಾಮ್ರದ ತಂತಿಯ ಸುರುಳಿಯ ಬಳಿ ಅಯಸ್ಕಾಂತವು ತಿರುಗಿದರೆ ತಂತಿಯಲ್ಲಿ ವಿದ್ಯುತ್ ಹರಿಯುವುದೆಂದು 1831ರಲ್ಲಿ ಮೈಕೇಲ್ ಫ್ಯಾರಡೆಯವರು ಕಂಡುಹಿಡಿದರು. 1902ರಲ್ಲಿ ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ್ದೂ ಇದೇ ತತ್ವದಿಂದ. ಅಲ್ಲಿ ತಿರುಗಿಸಿದ್ದು ಕಾವೇರಿಯ ನೀರು, ಇಲ್ಲಿ ತಿರುಗಿಸುವುದು ಗಾಳಿ, ಭೇದವು ಅಷ್ಟೇ.

ಗಾಳಿಯಿಂದ ಮೊದಲು ವಿದ್ಯುತ್ತನ್ನು ತೆಗೆದವರಲ್ಲಿ ಒಬ್ಬರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ ಎಂಬ ಉಪಾಧ್ಯಾಯರು. 1887ರಲ್ಲಿ ಮೇರಿಕರ್ಕ್ ಎಂಬ ಹಳ್ಳಿಯ ತಮ್ಮ ಮನೆಗೆ ಅವರು ಹೀಗೆ ದೀಪ ಹಾಕಿಕೊಂಡರು. ಮಿಕ್ಕ ವಿದ್ಯುತ್ತಿನಿಂದ ಊರ ಬೀದಿಗೂ ದೀಪ ಕೊಡುವೆನೆಂದಾಗ ಊರವರು ಅದನ್ನು ಸೈತಾನನ ಕೆಲಸವೆಂದು ಬೇಡವೆಂದರಂತೆ! ಡೆನ್ಮಾರ್ಕ್ ದೇಶದ ಆಸ್ಕೋವ್ ಎಂಬ ಹಳ್ಳಿಯಲ್ಲಿ ರೈತರ ಮಕ್ಕಳ ಶಾಲೆಗೆ ಉಪಾಧ್ಯಾಯರಾಗಿದ್ದ ಪೌಲ್ ಲಾ ಕೂರ್ ಅವರು 1891ರಲ್ಲಿ ಯಂತ್ರವನ್ನು ನಿಲ್ಲಿಸಿ, ಗಾಳಿಯಿಲ್ಲದ ದಿನಕ್ಕೇನು ಗತಿಯೆಂದು ಯೋಚಿಸಿ, ಆ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ಕೂಡಿಟ್ಟು ಶಾಲೆಗೆ ದೀಪ ಹೊತ್ತಿಸಿದರು. ಕೂಡಿಡುವ ಸಮಸ್ಯೆಯು ಅಂದಿನಿಂದಲೂ ಇದ್ದದ್ದೇ.

ಈಗ ತೋಟದ ಯಂತ್ರದ ಪ್ರಶ್ನೆಗೆ ಬರಬಹುದು. ಹತ್ತು ಅಡಿ ಅಡ್ಡಳತೆಯ ರೆಕ್ಕೆಗಳುಳ್ಳ ಒಂದು ಚಿಕ್ಕ ಯಂತ್ರವು ಸುಮಾರು 7 ಚದರ ಮೀಟರು ಗಾಳಿಯನ್ನು ಹಿಡಿಯುವುದು. ಸೆಕೆಂಡಿಗೆ 4 ಮೀಟರಿನ ಗಾಳಿಯಲ್ಲಿ ಅದರಿಂದ ದೊರೆಯತಕ್ಕದ್ದು 70 ವಾಟಿನಷ್ಟು. ಮನೆಯ ಸೂರಿಗೆ ತೂಗುಹಾಕಿದ ಒಂದು ಫ್ಯಾನನ್ನು ತಿರುಗಿಸಲು ಸರಿಹೋಗುವುದು. ಐದು ಅಶ್ವಶಕ್ತಿಯ ಮೋಟಾರಿಗೆ ಬೇಕಾದುದು 3,700 ವಾಟಿಗೂ ಮೇಲೆ. ಆಷಾಢದ ಬಿರುಗಾಳಿಯಲ್ಲಿ ವೇಗವು 8 ಮೀಟರಿಗೆ ಏರಿದರೂ ಚಿಕ್ಕ ಯಂತ್ರವು 560 ವಾಟನ್ನು ದಾಟಲಾರದು.

ನೀರಿನ ಲೆಕ್ಕದಿಂದಲೂ ಇದನ್ನು ನೋಡಬಹುದು. ಮೂವತ್ತು ಅಡಿ ಅಂತರದಲ್ಲಿ ನೆಟ್ಟ ಒಂದು ಎಕರೆ ತೋಟದಲ್ಲಿ 48 ಮರಗಳು. ಬೇಸಗೆಯಲ್ಲಿ ಹನಿ ನೀರಾವರಿಯಿಂದ ಮರಕ್ಕೆ ದಿನಕ್ಕೆ 50 ಲೀಟರು ಕೊಟ್ಟರೆ ಎಕರೆಗೆ 2,400 ಲೀಟರು. ಮೂವತ್ತು ಅಡಿ ಆಳದ ತೆರೆದ ಬಾವಿಯಿಂದ ಇಷ್ಟನ್ನು ಎತ್ತಲು ಒಂದು ಯೂನಿಟ್ಟಿನ ಐದನೆಯ ಒಂದು ಪಾಲೂ ಬೇಕಾಗುವುದಿಲ್ಲ. ಆ ಕೆಲಸವನ್ನು ಹಿಂದೆ ಒಂದು ಜೊತೆ ಎತ್ತು ಕಪಿಲೆಯಲ್ಲಿ ಮಾಡುತ್ತಿದ್ದವು. 650 ಅಡಿ ಆಳದ ಕೊಳವೆ ಬಾವಿಯಿಂದ ಅಷ್ಟೇ ನೀರನ್ನು ಎತ್ತಬೇಕಾದರೆ ಪಂಪಿನಲ್ಲಿ ಆಗುವ ನಷ್ಟವೂ ಸೇರಿ ಮೂರು ಯೂನಿಟ್ಟಿಗೆ ಮೇಲ್ಪಟ್ಟು ಬೇಕು. ಚಿಕ್ಕ ಯಂತ್ರವು 4 ಮೀಟರಿನ ಗಾಳಿಯಲ್ಲಿ ಹಗಲಿರುಳು ಒಂದು ಕ್ಷಣವೂ ನಿಲ್ಲದೆ ತಿರುಗಿದರೂ ದೊರೆಯುವುದು ಎರಡು ಯೂನಿಟ್ಟಿಗೂ ಕಡಿಮೆ. ಅದೂ ಫೆಬ್ರವರಿಯಿಂದ ಮೇ ವರೆಗೆ, ಮರಕ್ಕೆ ನೀರು ಅತ್ಯವಶ್ಯವಾದ ಕಾಲದಲ್ಲಿ, ಗಾಳಿಯು ಅಷ್ಟು ನಂಬಿಕೆಯಿಂದ ಬೀಸುವುದೇ ಇಲ್ಲ.

ಈ ಲೆಕ್ಕದಲ್ಲಿ ಸ್ವಲ್ಪ ವ್ಯಸನಪಡತಕ್ಕ ಸಂಗತಿಯೂ ಇದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು 1960ರ ದಶಕದಲ್ಲಿಯೇ ಡಬ್ಲ್ಯುಪಿ-2 ಎಂಬ, ನೀರೆತ್ತುವ ಗಾಳಿಯಂತ್ರವನ್ನು ಸಿದ್ಧಪಡಿಸಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಅವರು 1970ರ ದಶಕದ ಕೊನೆಯಲ್ಲಿ ಬಟ್ಟೆಯ ಹಾಯಿಗಳನ್ನುಳ್ಳ ಅಗ್ಗದ ಯಂತ್ರವೊಂದನ್ನು ರಚಿಸಿದರು. ಅದೇ ಸಂಸ್ಥೆಯವರು ಗ್ರಾಮೋಪಯೋಗಿ ತಂತ್ರಜ್ಞಾನಕ್ಕೆಂದು ಈ ತುಮಕೂರು ಜಿಲ್ಲೆಯಲ್ಲಿಯೇ, ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಒಂದು ಕೇಂದ್ರವನ್ನೂ ತೆರೆದಿದ್ದರು. ಅಂದಿನ ತೆರೆದ ಬಾವಿಗಳಲ್ಲಿ ನೀರು ಕೈಗೆಟಕುವಂತಿದ್ದಾಗ ಇಂಥ ಯಂತ್ರಗಳು ತಕ್ಕವಾಗಿದ್ದವು. ಬಾವಿಗಳು ಬತ್ತಿ, ನೀರು ನೂರಾರು ಅಡಿ ಕೆಳಕ್ಕಿಳಿದ ಮೇಲೆ ಚಿಕ್ಕ ಗಾಳಿಯಂತ್ರಕ್ಕೆ ಈ ಸೀಮೆಯಲ್ಲಿದ್ದ ಅವಕಾಶವೂ ಅದರೊಡನೆ ಇಳಿದುಹೋಯಿತು. ಗಾಳಿಯಲ್ಲೇನೂ ದೋಷವಿಲ್ಲ, ನೀರು ದೂರ ಹೋಯಿತು.

ತೋಟದ ಮರಗಳೂ ಯಂತ್ರಕ್ಕೆ ಶತ್ರುಗಳೇ. ನೆಲದ ಬಳಿ ಮರ ಮನೆ ಬೇಲಿಗಳಿಗೆ ಉಜ್ಜಿ ಗಾಳಿಯು ಮಂದವಾಗಿಯೂ ಸುಳಿಸುಳಿಯಾಗಿಯೂ ಇರುತ್ತದೆ. ಸುತ್ತಲೂ ಮುನ್ನೂರು ಅಡಿಯೊಳಗೆ ಇರುವ ಅತ್ಯಂತ ಎತ್ತರವಾದ ವಸ್ತುವಿಗಿಂತ ರೆಕ್ಕೆಯ ಕೆಳತುದಿಯು ಕಡಮೆಯೆಂದರೆ ಮೂವತ್ತು ಅಡಿ ಮೇಲಿರಬೇಕೆಂಬುದು ಚಿಕ್ಕ ಯಂತ್ರಗಳ ವಿಷಯದಲ್ಲಿ ಬಲ್ಲವರ ವಿಧಿ. ಅರುವತ್ತು ಅಡಿಯ ತೆಂಗಿನ ಮರಗಳ ನಡುವೆ ಇದನ್ನು ಪಾಲಿಸಬೇಕಾದರೆ ಕಂಬವೇ ನೂರಡಿಯ ಹತ್ತಿರವಾಗುವುದು. ಯಂತ್ರಕ್ಕಿಂತ ಕಂಬಕ್ಕೆ ಹೆಚ್ಚು ಹಣ! ಸರ್ಕಾರವು 10 ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ಉಚಿತವಾಗಿ ವಿದ್ಯುತ್ತನ್ನು ಕೊಡುತ್ತಿರುವಾಗ ಇಂಥ ವೆಚ್ಚಕ್ಕೆ ಕೈಹಾಕುವುದು ವಿವೇಕವಲ್ಲ. ತಂತಿಯು ತಲುಪದ ತೋಟದ ಮನೆಯವರು ಬಿಸಿಲಿನಿಂದ ನಡೆಯುವ ಪಂಪನ್ನು ವಿಚಾರಿಸುವುದು ಮೇಲು. ಬಿಸಿಲು ಬೇಸಗೆಯಲ್ಲಿಯೇ ಧಾರಾಳವಾಗಿ ಬರುವ ವಸ್ತು.

ಹಾಗಾದರೆ ಗಾಳಿಯಿಂದ ತೆಂಗಿನ ಸೀಮೆಗೆ ಪ್ರಯೋಜನವೇ ಇಲ್ಲವೆ? ಉಂಟು, ಅದು ಬರುವ ದಾರಿ ಮಾತ್ರ ಬೇರೆ. ಗುಡ್ಡದ ಮೇಲಿನ ದೊಡ್ಡ ಯಂತ್ರದ ರೆಕ್ಕೆಗಳ ಅಡ್ಡಳತೆಯು ನೂರು ಮೀಟರು ಅಥವಾ ಅದಕ್ಕಿಂತ ಹೆಚ್ಚು. ಅದು ಹಿಡಿಯುವ ಗಾಳಿಯು ಹತ್ತಡಿಯ ಯಂತ್ರದ ಹನ್ನೊಂದು ನೂರು ಪಟ್ಟು. ಅದು ನಿಂತಿರುವುದು ಮರಗಳ ತಡೆಯಿಲ್ಲದ ನೆತ್ತಿಯಲ್ಲಿ. ಅದರ ಗೋಪುರವು 80 ರಿಂದ 120 ಮೀಟರು, ಎಂದರೆ ನಾಲ್ಕಾರು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ. ಎತ್ತರದ ಮಹಿಮೆಯನ್ನು ತಿಳಿಯಲು ಒಂದು ಅಂಕಿ ಸಾಕು. ಚೆನ್ನೈಯ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯವರ ಅಂದಾಜಿನಲ್ಲಿ ಕರ್ಣಾಟಕದ ಗಾಳಿಯಿಂದ 100 ಮೀಟರು ಎತ್ತರದಲ್ಲಿ ಸುಮಾರು 55,800 ಮೆಗಾವಾಟು ತೆಗೆಯಬಹುದು. 120 ಮೀಟರಿಗೆ ಏರಿದರೆ ಅಂದಾಜು ಸುಮಾರು 1,24,000 ಮೆಗಾವಾಟು. ವಾಸ್ತವವಾಗಿ ಸ್ಥಾಪಿತವಾದುದು 2023ರ ವೇಳೆಗೆ 5,000 ಮೆಗಾವಾಟನ್ನು ದಾಟಿತ್ತು.

ಎರಡು ಮೆಗಾವಾಟಿನ ಒಂದು ಯಂತ್ರವು ವರ್ಷದ ಅಷ್ಟೂ ಗಂಟೆಗಳ ಪೂರ್ಣ ದುಡಿಮೆಯಲ್ಲಿ ನಾಲ್ಕನೆಯ ಒಂದು ಪಾಲನ್ನು ಕೊಟ್ಟರೂ ಸುಮಾರು 44 ಲಕ್ಷ ಯೂನಿಟ್ಟುಗಳಾಗುವುವು. ಗಾಳಿಯು ಸೆಕೆಂಡಿಗೆ 3 ಮೀಟರಿನ ಆಸುಪಾಸಿಗೆ ಬಂದಾಗ ಅದು ಕೆಲಸಕ್ಕೆ ತೊಡಗಿ, 25 ಮೀಟರಿನಷ್ಟು ಬಿರುಗಾಳಿಯಾದರೆ ರೆಕ್ಕೆಗಳನ್ನು ತಿರುಗಿಸಿಕೊಂಡು ತಾನಾಗಿ ನಿಲ್ಲುವುದು. ಈ ಯೂನಿಟ್ಟುಗಳ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬರುವುದು. ತೋಟಕ್ಕೆ ಬೇಕಾದಾಗ ಬಾರದ ಗಾಳಿಯೆಂದು ಆಗಲೇ ಹೇಳಿದ್ದು ಇದಕ್ಕೂ ಸಲ್ಲುವುದಲ್ಲವೆ ಎಂದು ತಾವು ಕೇಳಬಹುದು. ಇಲ್ಲಿಯೇ ಗಮನಿಸತಕ್ಕ ವಿಶೇಷವಿರುವುದು. ಗಾಳಿಯಂತ್ರಗಳೂ ಶರಾವತಿಯ ಜಲಯಂತ್ರಗಳೂ ಒಂದೇ ತಂತಿಜಾಲಕ್ಕೆ ಸೇರಿವೆ. 1964ರಲ್ಲಿ ಕಟ್ಟಿ ಮುಗಿಸಿದ ಲಿಂಗನಮಕ್ಕಿ ಜಲಾಶಯಕ್ಕೆ ನೀರು ಬಂದು ತುಂಬುವ ತಿಂಗಳುಗಳೂ ಅವೇ. ಆ ತಿಂಗಳುಗಳಲ್ಲಿ ರಾಜ್ಯದ ದೀಪಗಳನ್ನೂ ಕಾರ್ಖಾನೆಗಳನ್ನೂ ಗಾಳಿಯು ಎಷ್ಟು ಮಟ್ಟಿಗೆ ನಡೆಸುವುದೋ ಅಷ್ಟು ನೀರನ್ನು ಜಲಾಶಯದಲ್ಲಿ ಹಿಡಿದಿಡಬಹುದು. ಹಾಗೆ ಉಳಿದ ನೀರು ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ವಿದ್ಯುತ್ತಾಗಿ ತಿಪಟೂರಿನ ತೋಟಗಳ ಮೋಟಾರಿಗೆ ಬರುತ್ತದೆ. ಕಣಜದಲ್ಲಿ ತುಂಬಿಡಲಾಗದ ಗಾಳಿಯನ್ನು ಬೇರೊಂದು ಜಿಲ್ಲೆಯ ಅಣೆಕಟ್ಟಿನಲ್ಲಿ ನೀರಾಗಿ ತುಂಬಿಡುವ ಉಪಾಯವಿದು. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ತಾಳ್ಮೆಯಿಂದ ಕಾದು ಉಂಡೆಕೊಬ್ಬರಿಯನ್ನು ಇಳಿಸುವ ಈ ಸೀಮೆಯವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಗದಗಿನ ಕಪ್ಪತಗುಡ್ಡದಿಂದ ಚಿತ್ರದುರ್ಗದ ಗುಡ್ಡಗಳ ಮೂಲಕ ಚಿಕ್ಕನಾಯಕನಹಳ್ಳಿಯ ವರೆಗೆ ಒಂದೇ ಜಾತಿಯ ಕಲ್ಲಿನ ಪಟ್ಟಿಯು ಇಳಿದು ಬಂದಿದೆ. ಮೇಲಿನ ಎರಡೂ ಕಡೆ ಗಾಳಿಯಂತ್ರಗಳು ನಿಂತಿರುವುದರಿಂದ ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಮೇಲೂ ಕಣ್ಣು ಬೀಳುವುದು ಆಶ್ಚರ್ಯವಲ್ಲ. ಆದಕಾರಣ ಎರಡನೆಯ ಪ್ರಶ್ನೆಯು ಮುಖ್ಯವಾಗಿ ಗುಡ್ಡದ ಸೆರಗಿನ ಗ್ರಾಮಗಳಿಗೆ ಸಂಬಂಧಿಸಿದ್ದು. ತುರುವೇಕೆರೆಯ ಕೆರೆಬಯಲಿನವರಿಗೆ ಅದರ ಚಿಂತೆ ಅಷ್ಟಾಗಿ ಇಲ್ಲ.

ಮೊದಲು ಒಂದು ಶಂಕೆಯನ್ನು ತೀರಿಸಬೇಕು. ಈ ಯಂತ್ರಗಳು ಮೋಡವನ್ನು ಓಡಿಸಿ ಮಳೆಯನ್ನು ಕೆಡಿಸುವುವೆಂಬ ಮಾತು ಕೆಲವು ಕಡೆ ಹಬ್ಬಿದೆ. ರೆಕ್ಕೆಯ ಮೇಲ್ತುದಿಯು ನೆಲದಿಂದ 150 ರಿಂದ 200 ಮೀಟರಿಗೆ ನಿಲ್ಲುವುದು. ಮಳೆಯ ಮೋಡದ ಒಡಲು ಹಲವು ಕಿಲೋಮೀಟರು ಎತ್ತರಕ್ಕೆ ಬೆಳೆದಿರುವುದು. ಯಂತ್ರವು ಗಾಳಿಯನ್ನು ಊದುವುದೂ ಇಲ್ಲ, ಬಂದ ಗಾಳಿಯಿಂದ ತಾನು ತಿರುಗುವುದು. ಆಷಾಢದಲ್ಲಿ ಗಾಳಿ ಹೆಚ್ಚಾಗಿ ಮಳೆ ಕಡಮೆಯಾಗುವುದು ಯಂತ್ರಗಳು ಬರುವುದಕ್ಕೆ ಮುಂಚಿನಿಂದ ಇದ್ದುದೆಂಬುದನ್ನು ಊರಿನ ಹಿರಿಯರನ್ನು ಕೇಳಿದರೆ ಹೇಳುವರು.

ಭಯಪಡತಕ್ಕದ್ದು ಮೋಡದ ವಿಷಯದಲ್ಲಲ್ಲ, ಮಣ್ಣಿನ ವಿಷಯದಲ್ಲಿ. ಒಂದೊಂದು ರೆಕ್ಕೆಯೂ ಐವತ್ತು ಮೀಟರು ಉದ್ದವಿರುವುದರಿಂದ ಅದನ್ನು ಹೊತ್ತ ಲಾರಿಯು ತಿರುಗಬೇಕಾದರೆ ಗುಡ್ಡವನ್ನು ಅಗಲವಾಗಿ ಕಡಿದು ರಸ್ತೆ ಮಾಡಬೇಕು. ನೆತ್ತಿಯಲ್ಲಿ ಕ್ರೇನು ನಿಲ್ಲಲು ಸಮತಟ್ಟು ಮಾಡಬೇಕು. ಹೀಗೆ ಕಡಿದ ಸಡಿಲ ಮಣ್ಣು ಅಕ್ಟೋಬರಿನ ಒಂದು ಜಡಿಮಳೆಗೆ ಹಳ್ಳಕ್ಕೆ ಇಳಿಯುವುದು, ಹಳ್ಳದಿಂದ ಕೆರೆಯ ಅಂಗಳಕ್ಕೆ ಬಂದು ತುಂಬುವುದು. ಕೆರೆಯಲ್ಲಿ ನೀರು ನಿಂತರೆ ಕೊಳವೆ ಬಾವಿಗೆ ಜೀವ. ಹೂಳು ತುಂಬಿದ ಕೆರೆಯ ಕೆಳಗಿನ ತೋಟವು ಒಣಗುವುದನ್ನು ಇಲ್ಲಿ ಕಾಣದವರಿಲ್ಲ. ಯಂತ್ರದ ಬುಡಕ್ಕೆ ಹೋಗುವ ಜಾಗವು ಸ್ವಲ್ಪವೇ. ರಸ್ತೆಯಿಂದ ಆಗುವ ಹಾನಿಯು ಊರಿಗೆಲ್ಲ ಹಂಚಿಕೆಯಾಗುವುದು. ಆದುದರಿಂದ ಗ್ರಾಮದ ಮುಖಂಡರು ರಸ್ತೆಯ ನಕ್ಷೆಯನ್ನು ಮೊದಲು ಕೇಳಬೇಕು. ಅದು ಯಾವ ಕೆರೆಯ ಜಲಾನಯನದಲ್ಲಿ ಹಾಯುವುದು, ಇಳಿಜಾರಿಗೆ ಕಲ್ಲಿನ ತಡೆಗೋಡೆಗಳನ್ನೂ ಮೋರಿಗಳನ್ನೂ ಮಳೆಗಾಲಕ್ಕೆ ಮುಂಚೆ ಕಟ್ಟುವರೇ, ತುಂಬಿದ ಹೂಳನ್ನು ಯಾರ ವೆಚ್ಚದಲ್ಲಿ ತೆಗೆಯುವುದು ಎಂಬುದನ್ನು ಬರೆವಣಿಗೆಯಲ್ಲಿ ಪಡೆಯತಕ್ಕದ್ದು.

ಜಮೀನನ್ನು ಕೊಡುವ ವಿಷಯದಲ್ಲಿ ಇದೇ ಜಿಲ್ಲೆಯ ಪಾವಗಡದ ನಿದರ್ಶನವು ಉಪಯುಕ್ತವಾಗಿದೆ. ಅಲ್ಲಿ ಬಿಸಿಲಿನಿಂದ 2,050 ಮೆಗಾವಾಟು ವಿದ್ಯುತ್ತನ್ನು ತೆಗೆಯುವ ಸ್ಥಾವರಕ್ಕೆ ರೈತರು ಸುಮಾರು 13,000 ಎಕರೆ ಜಮೀನನ್ನು ಕ್ರಯಕ್ಕೆ ಕೊಡಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಗಳಿಗೊಮ್ಮೆ ನೂರಕ್ಕೆ 5ರಷ್ಟು ಏರಿಕೆಯಂತೆ ಕರಾರಾಯಿತು. ಖಾತೆಯು ರೈತರ ಹೆಸರಿನಲ್ಲಿಯೇ ಉಳಿಯಿತು. ಆದರೆ ಜಮೀನಿಲ್ಲದ ಕೂಲಿಕಾರರಿಗೆ ಆ ಹಣದಲ್ಲಿ ಪಾಲು ಬರಲಿಲ್ಲ, ಹೊಲದ ಕೂಲಿಯೂ ತಪ್ಪಿತು, ಇದನ್ನು ಮರೆಯಕೂಡದು. ಗಾಳಿಯಂತ್ರದ ಸುತ್ತ ಬೇಸಾಯವು ನಡೆಯಬಹುದಾದುದರಿಂದ ಈ ತೊಂದರೆಯು ಇಲ್ಲಿ ಕಡಮೆ. ಬುಡದ ಜಾಗ, ಕ್ರೇನಿನ ಕಟ್ಟೆ, ರಸ್ತೆ, ತಂತಿಯ ಹಾದಿ ಇವು ಮಾತ್ರ ಬೇಸಾಯದಿಂದ ಹೋಗುವುವು. ಕರಾರಿನಲ್ಲಿ ಈ ನಾಲ್ಕಕ್ಕೂ ಬೇರೆಬೇರೆಯಾಗಿ ಗುಂಟೆಯ ಲೆಕ್ಕ ಕಾಣಿಸಬೇಕು. ಬುಡದ ಜಾಗಕ್ಕೆ ಮಾತ್ರ ಹಣ ಕೊಟ್ಟು ರಸ್ತೆಯನ್ನು ಬಾಯಿಮಾತಿನಲ್ಲಿ ಪಡೆಯಲು ಬಂದರೆ ಒಪ್ಪತಕ್ಕದ್ದಲ್ಲ. ಗೋಮಾಳವೂ ಅರಣ್ಯವೂ ಊರಿನವರು ರುಜು ಹಾಕಿ ಕೊಡಬಹುದಾದ ಸ್ವತ್ತಲ್ಲ. ಅಂಥ ಕಾಗದವನ್ನು ಮುಂದಿಟ್ಟವರನ್ನು ತಾಲ್ಲೂಕು ಕಚೇರಿಗೆ ಕಳುಹಿಸುವುದು ಲೇಸು.

ಯಂತ್ರದ ಆಯುಸ್ಸು ಇಪ್ಪತ್ತು ಇಪ್ಪತ್ತೈದು ವರ್ಷಗಳು. ಇಂದು ರುಜು ಹಾಕುವ ಯಜಮಾನರಲ್ಲಿ ಅನೇಕರ ಮಕ್ಕಳು ಆ ಕರಾರಿನ ಕೊನೆಯನ್ನು ನೋಡಬೇಕಾದವರು. ಆದುದರಿಂದ ಪಹಣಿಯಲ್ಲಿ ಹೆಸರಿರುವ ಎಲ್ಲ ಪಾಲುದಾರರನ್ನೂ, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳನ್ನೂ ಕರೆಸಿ ತಿಳಿಸಿಯೇ ಮುಂದುವರಿಯಬೇಕು. ಕಂಪೆನಿಯು ಕೈಬದಲಾದರೆ ಗುತ್ತಿಗೆಯ ಹಣವನ್ನು ಕೊಡಬೇಕಾದವರು ಯಾರು, ಗಾಳಿ ಪರೀಕ್ಷೆಗೆಂದು ಕಂಬ ನೆಟ್ಟು ಎರಡು ವರ್ಷಗಳ ಮೇಲೆ ಯಂತ್ರವನ್ನೇ ಹಾಕದೆ ಹೋದರೆ ಜಮೀನು ಯಾವ ತಾರೀಖಿಗೆ ಬಿಡುಗಡೆಯಾಗುವುದು, ಅವಧಿ ಮುಗಿದಾಗ ಗೋಪುರವನ್ನು ಇಳಿಸಿ ಬುಡದ ನೂರಾರು ಟನ್ನು ಕಾಂಕ್ರೀಟನ್ನು ನೇಗಿಲ ಆಳದ ಕೆಳಗಿನವರೆಗೆ ಒಡೆದು ತೆಗೆಯುವವರು ಯಾರು, ಅದಕ್ಕಾಗಿ ಠೇವಣಿಯನ್ನು ಎಲ್ಲಿ ಇಡುವರು ಎಂಬ ಪ್ರಶ್ನೆಗಳಿಗೆ ಕರಾರಿನಲ್ಲಿಯೇ ಉತ್ತರವಿರಬೇಕು. ಕರಾರು ಇಂಗ್ಲಿಷಿನಲ್ಲಿದ್ದರೆ ಅದರ ಕನ್ನಡ ಪ್ರತಿಯನ್ನು ತರಿಸಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ವಕೀಲರೊಬ್ಬರಿಗೆ ತೋರಿಸಿ, ಕಡಮೆಯೆಂದರೆ ಹದಿನೈದು ದಿನಗಳು ಕಳೆದ ಮೇಲೆ ರುಜು ಹಾಕುವುದು.